ಮನಸ್ಸಿನ ಮೇಸ್ತ್ರಿ ಕೆಲಸ ಕಲಿಯುವುದು ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಗಮನ, ತಾಳ್ಮೆ, ನೆನಪು ಇವುಗಳ ಬಗ್ಗೆ ಅಪ್ಪ ಅಮ್ಮಂದಿರು ಮತ್ತು ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ. ಕೆಲವಕ್ಕೆ ನಾಲ್ಕು ಸಾಲು ಸಾಕಾಯಿತು.

ಎಕ್ಸಿಕ್ಯುಟಿವ್ ಫಂಕ್ಷನ್ ಅಂದರೆ ಏನು? ಸ್ವಲ್ಪ ಕನ್ನಡದಲ್ಲಿ ಹೇಳಿ.

ಪುಸ್ತಕದ ಕನ್ನಡದಲ್ಲಿ 'ಕಾರ್ಯನಿರ್ವಾಹಕ ಕ್ರಿಯೆಗಳು' ಅನ್ನುತ್ತಾರೆ. ನನಗಂತೂ ಆ ಪದ ಕೇಳಿದರೆ ಲೋಕೋಪಯೋಗಿ ಇಲಾಖೆಯ ಕಾರ್ಯನಿರ್ವಾಹಕ ಇಂಜಿನಿಯರ್ ನೆನಪಾಗುತ್ತಾರೆ. ಅದಕ್ಕೇ ಇಲ್ಲಿ 'ಮೇಸ್ತ್ರಿ ಕೆಲಸ' ಎಂದು ಕರೆಯುತ್ತೇನೆ.

ಮನೆ ಕಟ್ಟುವ ಜಾಗ ನೋಡಿರುತ್ತೀರಿ. ಇಟ್ಟಿಗೆ ಹೊರುವವರು ಬೇರೆ, ಸಿಮೆಂಟು ಕಲಸುವವರು ಬೇರೆ. ಯಾವುದು ಮೊದಲು, ಯಾವುದು ಆಮೇಲೆ, ಈಗ ಯಾರು ಕೈ ನಿಲ್ಲಿಸಬೇಕು ಎಂದು ನೋಡಿಕೊಳ್ಳುವವನು ಮೇಸ್ತ್ರಿ. ತಲೆಯೊಳಗೂ ಅಂಥದ್ದೊಂದು ಕೆಲಸ ನಡೆಯುತ್ತಿರುತ್ತದೆ. ಹಾಲು ಒಲೆಯ ಮೇಲಿದೆ, ಫೋನ್ ಬಂತು, ಬಾಗಿಲಲ್ಲಿ ಯಾರೋ ಕರೆದರು. ಆದರೂ ಹಾಲು ಉಕ್ಕಲಿಲ್ಲ ಅಂದರೆ ನಿಮ್ಮ ಮೇಸ್ತ್ರಿ ಎಚ್ಚರವಾಗಿದ್ದ ಎಂದರ್ಥ.

ಇದರಲ್ಲಿ ಏನೇನು ಸೇರುತ್ತದೆ?

ಮನೋವಿಜ್ಞಾನಿಗಳು ಸಾಮಾನ್ಯವಾಗಿ ಮೂರು ಹೇಳುತ್ತಾರೆ. ಒಂದು, ತಡೆ: ಕೈಯೋ ನಾಲಿಗೆಯೋ ತಾನಾಗಿ ಓಡುವಾಗ ಹಿಡಿದು ನಿಲ್ಲಿಸುವುದು. ಎರಡು, ಕೆಲಸದ ನೆನಪು: ಸಂತೆಯಲ್ಲಿ ಮೂರು ಸಾಮಾನಿನ ಬೆಲೆಯನ್ನು ತಲೆಯಲ್ಲೇ ಇಟ್ಟುಕೊಂಡು ಕೂಡಿಸುವಾಗ ಬೇಕಾಗುವಂಥದ್ದು. ಮೂರು, ಹೊರಳುವ ಶಕ್ತಿ: ನಿಯಮ ಬದಲಾದ ಕೂಡಲೇ ಹಳೆಯದನ್ನು ಬಿಟ್ಟು ಹೊಸದಕ್ಕೆ ಬರುವುದು.

ಮೂರನ್ನೂ ಒಟ್ಟಿಗೆ ನೋಡಬೇಕಾದರೆ ಕೆರೆ-ದಡ ಆಟ ನೆನಪಿಸಿಕೊಳ್ಳಿ. 'ಕೆರೆ' ಅಂದರೆ ಗೆರೆಯೊಳಗೆ ಜಿಗಿಯಬೇಕು, 'ದಡ' ಅಂದರೆ ಹೊರಗೆ. ಆಡಿಸುವವರು ಕೆರೆ, ದಡ, ಕೆರೆ, ದಡ ಎಂದು ಲಯ ಹಿಡಿಸುತ್ತಾರೆ. ಕಾಲು ತಾನಾಗಿ ಕುಣಿಯಲು ಶುರುವಾದಾಗ ಥಟ್ಟನೆ 'ದಡ, ದಡ' ಅಂದುಬಿಡುತ್ತಾರೆ. ಅರ್ಧ ಮಕ್ಕಳು ಔಟ್. ಅಮೆರಿಕದಲ್ಲಿ ಪುಟ್ಟ ಮಕ್ಕಳಿಗೆ ಕೊಡುವ ಒಂದು ಪರೀಕ್ಷೆ ಹೆಚ್ಚು ಕಡಿಮೆ ಇದೇ ಜಾತಿಯದು. 'ತಲೆ ಮುಟ್ಟು' ಅಂದರೆ ಕಾಲ್ಬೆರಳು ಮುಟ್ಟಬೇಕು, 'ಕಾಲ್ಬೆರಳು' ಅಂದರೆ ತಲೆ. ನಮ್ಮಲ್ಲಿ ಅದಕ್ಕೆ ಅಂಕ ಹಾಕುವ ಅಭ್ಯಾಸ ಇರಲಿಲ್ಲ, ಅಷ್ಟೇ.

ಇದು ಹುಟ್ಟಿನಿಂದ ಬರುವುದಲ್ವಾ?

ಬರುವುದೂ ಉಂಟು. ಹಣೆಯ ಹಿಂದಿರುವ ಮೆದುಳಿನ ಭಾಗಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಆ ಭಾಗ ನಿಧಾನವಾಗಿ ಬೆಳೆಯುತ್ತದೆ. ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಕೆಲವು ವರ್ಷ ಬೇಕು. ಅವಳಿ ಮಕ್ಕಳ ಮೇಲಿನ ಅಧ್ಯಯನಗಳು ವಂಶದ ಪಾಲು ಜಾಸ್ತಿ ಎಂದೇ ಹೇಳುತ್ತವೆ. ಆದರೆ ಆ ಅವಳಿಗಳು ಹೆಚ್ಚಾಗಿ ಒಂದೇ ದೇಶದವರು, ಒಂದೇ ಬಗೆಯ ಶಾಲೆಗೆ ಹೋದವರು. ಒಂದೇ ಗದ್ದೆಯಲ್ಲಿ ಬಿತ್ತಿದರೆ ಪೈರಿನ ವ್ಯತ್ಯಾಸವೆಲ್ಲ ಬೀಜದ್ದೇ ಎಂದು ಕಾಣುತ್ತದೆ. ಪಕ್ಕದ ಊರಿನ ಗದ್ದೆ ನೋಡಿದಾಗ ಮಣ್ಣಿನ ಕತೆ ಗೊತ್ತಾಗುತ್ತದೆ.

ಇಲ್ಲಿ ಫಿನಿಯಸ್ ಗೇಜ್ ವಿಷಯ ಹೇಳಲೇಬೇಕು. ಅಮೆರಿಕದ ವರ್ಮಾಂಟಿನಲ್ಲಿ ರೈಲು ದಾರಿಗಾಗಿ ಬಂಡೆ ಸಿಡಿಸುವ ತಂಡಕ್ಕೆ ಅವನೇ ಮೇಸ್ತ್ರಿ. 1848ರಲ್ಲಿ ಒಂದು ಮೀಟರಿಗಿಂತ ಉದ್ದದ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ನೆತ್ತಿಗೆ ತೂರಿ ಹೋಯಿತು. ಬದುಕಿದ. ಆದರೆ ಯಾವ ಯೋಜನೆಯಲ್ಲೂ ನಿಲ್ಲದ, ಬಾಯಿಗೆ ಬಂದಂತೆ ಮಾತಾಡುವ ಮನುಷ್ಯನಾದ ಎಂದು ಅವನ ವೈದ್ಯರು ಬರೆದರು. ಪಠ್ಯಪುಸ್ತಕಗಳಲ್ಲಿ ಕತೆ ಇಲ್ಲಿಗೇ ಮುಗಿಯುತ್ತದೆ. ಮುಂದಿನದನ್ನು ಯಾರೂ ಹೇಳುವುದಿಲ್ಲ. ಅವನು ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಪ್ರಯಾಣಿಕರ ಕುದುರೆ ಗಾಡಿ ಓಡಿಸಿದ. ದಿನಾ ಕುದುರೆಗಳನ್ನು ನೋಡಿಕೊಳ್ಳಬೇಕು, ಗಾಡಿ ಕಟ್ಟಬೇಕು, ಜನರೊಂದಿಗೆ ಹೊಂದಿಕೊಂಡು ಹೋಗಬೇಕು. ಆ ಕೆಲಸದ ಕಟ್ಟುಪಾಡೇ ಅವನನ್ನು ಸಾಕಷ್ಟು ಹಳಿಗೆ ತಂದಿರಬೇಕು ಎಂದು ಅವನ ಜೀವನವನ್ನು ಹುಡುಕಿ ತೆಗೆದ ಇತಿಹಾಸಕಾರರು ವಾದಿಸುತ್ತಾರೆ. ನನಗೆ ಸಲಾಕೆಗಿಂತ ಈ ಗಾಡಿಯೇ ಮುಖ್ಯ ಅನ್ನಿಸುತ್ತದೆ.

ಸಂಸ್ಕೃತಿ ತಲೆಯೊಳಗೆ ಇಳಿಯುವುದು ಹೇಗೆ?

ಈ ಪ್ರಶ್ನೆಗೆ ಇವತ್ತಿಗೂ ಉಪಯೋಗವಾಗುವ ಉತ್ತರ ಕೊಟ್ಟವರು ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೊಟ್‌ಸ್ಕಿ. 1934ರಲ್ಲಿ, ಬರೀ 37ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಅವರು ಹೇಳಿದ್ದನ್ನು ನಮ್ಮ ಅಡುಗೆಮನೆಗೆ ತಂದರೆ ಹೀಗೆ: ಒಲೆಯ ಹತ್ತಿರ ಮಗು ಬಂದಾಗ ಅಮ್ಮ 'ಮುಟ್ಟಬೇಡ, ಬಿಸಿ' ಅನ್ನುತ್ತಾಳೆ. ಸ್ವಲ್ಪ ದಿನದ ಮೇಲೆ ಮಗು ತಾನೇ ಒಲೆಯ ಮುಂದೆ ನಿಂತು, ಬೆರಳು ಆಡಿಸುತ್ತಾ 'ಬಿಸಿ, ಬಿಸಿ' ಅನ್ನುತ್ತದೆ. ಇನ್ನೂ ಕೆಲವು ವರ್ಷಕ್ಕೆ ಆ ಮಾತು ಪಿಸುಮಾತಾಗುತ್ತದೆ. ಆಮೇಲೆ ತುಟಿಯೂ ಅಲ್ಲಾಡುವುದಿಲ್ಲ. ಮೊದಲು ಇಬ್ಬರ ನಡುವೆ ನಡೆದದ್ದು ಈಗ ಒಬ್ಬರೊಳಗೇ ನಡೆಯುತ್ತಿದೆ. ಮಗು ಲೆಕ್ಕ ಮಾಡುವಾಗ ತನ್ನಷ್ಟಕ್ಕೇ ಗೊಣಗಿದರೆ 'ಮನಸ್ಸಲ್ಲೇ ಮಾಡು' ಎಂದು ಗದರಬೇಡಿ. ಅದು ತನ್ನ ಮೇಸ್ತ್ರಿಗೆ ಪಾಠ ಹೇಳುತ್ತಿರುತ್ತದೆ.

ಹೀಗೆ ಮಾತು ಮೊದಲ ದಾರಿ. ಎರಡನೆಯದು ಸಲಕರಣೆ. ನಮ್ಮಜ್ಜಿ ಏನಾದರೂ ಮರೆಯಬಾರದು ಅಂದರೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲಿನ ಗೆರೆ. ವೈಗೊಟ್‌ಸ್ಕಿಯೂ ನೆನಪಿಗಾಗಿ ಗಂಟು ಹಾಕುವುದನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಮನುಷ್ಯ ತನ್ನ ನೆನಪನ್ನು ಹೊರಗಿನ ಒಂದು ಗುರುತಿಗೆ ಕಟ್ಟಿ, ಆ ಗುರುತಿನಿಂದ ತನ್ನನ್ನೇ ಆಳಿಕೊಳ್ಳುತ್ತಾನೆ. ಗಂಟು, ಗೆರೆ, ಮಗ್ಗಿ, ಪಂಚಾಂಗ, ಅಕ್ಷರ ಎಲ್ಲವೂ ಇಂಥವೇ. ಇವನ್ನು ಯಾವ ಮಗುವೂ ತಾನಾಗಿ ಕಂಡುಹಿಡಿಯುವುದಿಲ್ಲ. ಹುಟ್ಟಿದ ಮನೆ, ಊರು ಕೊಡುತ್ತವೆ.

ಮೂರನೆಯದು ಆಟ. 1948ರಲ್ಲಿ ಮನುಯಿಲೆಂಕೊ ಎಂಬ ಸೋವಿಯತ್ ಸಂಶೋಧಕಿ ಪುಟ್ಟ ಮಕ್ಕಳಿಗೆ ಅಲ್ಲಾಡದೆ ನಿಲ್ಲಲು ಹೇಳಿದರು. ಸುಮ್ನೆ 'ನಿಲ್ಲು' ಅಂದಾಗ ಬೇಗ ಅಲ್ಲಾಡಿದರು. 'ನೀನು ಕಾವಲುಗಾರ, ಪಹರೆ ಕಾಯ್ತಿದ್ದೀಯ' ಅಂದಾಗ ಎಷ್ಟೋ ಜಾಸ್ತಿ ಹೊತ್ತು ನಿಂತರು. ಮಗು ಅದೇ, ಮೆದುಳೂ ಅದೇ.

ಲೂರಿಯಾ ಮತ್ತು ಬಿಳಿ ಕರಡಿಯ ಕತೆ ಏನು?

ವೈಗೊಟ್‌ಸ್ಕಿಯ ಜೊತೆಗಾರ ಅಲೆಕ್ಸಾಂಡರ್ ಲೂರಿಯಾ 1931 ಮತ್ತು 1932ರಲ್ಲಿ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋದರು. ಅಲ್ಲಿ ಆಗ ತಾನೇ ಶಾಲೆ, ಸಾಮೂಹಿಕ ಬೇಸಾಯ ಬರುತ್ತಿದ್ದವು. ಓದು ಬಾರದ ರೈತರಿಗೆ ಅವರು ಕೇಳಿದ ಒಂದು ಪ್ರಶ್ನೆ: 'ದೂರದ ಉತ್ತರದಲ್ಲಿ, ಹಿಮ ಇರುವ ಕಡೆ, ಕರಡಿಗಳೆಲ್ಲ ಬಿಳಿ. ನೊವಾಯಾ ಜೆಮ್ಲ್ಯಾ ದೂರದ ಉತ್ತರದಲ್ಲಿದೆ. ಅಲ್ಲಿಯ ಕರಡಿ ಯಾವ ಬಣ್ಣ?' ಬಂದ ಉತ್ತರಗಳ ಧಾಟಿ ಹೀಗಿತ್ತು: ನಾನು ನೋಡಿದ್ದು ಕಪ್ಪು ಕರಡಿ, ಅಲ್ಲಿಗೆ ಹೋಗಿಲ್ಲ, ಹೋದವರನ್ನು ಕೇಳಿ. ಇನ್ನೊಮ್ಮೆ ಕೊಡಲಿ, ಗರಗಸ, ಸುತ್ತಿಗೆ, ಮರದ ದಿಮ್ಮಿ ತೋರಿಸಿ ಯಾವುದು ಸೇರುವುದಿಲ್ಲ ಎಂದು ಕೇಳಿದರು. ದಿಮ್ಮಿ ಇಲ್ಲದೆ ಉಳಿದ ಮೂರನ್ನು ಇಟ್ಟುಕೊಂಡು ಏನು ಮಾಡುವುದು ಎಂಬುದು ರೈತರ ವಾದ.

ಸ್ವಲ್ಪ ಕಾಲ ಶಾಲೆ ಕಂಡವರು ಮಾತ್ರ 'ಬಿಳಿ' ಅಂದರು, ದಿಮ್ಮಿಯನ್ನು ಹೊರಗಿಟ್ಟರು. ಲೂರಿಯಾ ಇದರಿಂದ ಹಳ್ಳಿಯವರ ಯೋಚನೆ ಒಂದು ಮೆಟ್ಟಿಲು ಕೆಳಗಿದೆ ಎಂಬಂತೆ ಬರೆದರು. ಅಲ್ಲಿ ನಾನು ಅವರ ಜೊತೆ ಇಲ್ಲ. ಕಾಣದ್ದನ್ನು ಕಂಡಂತೆ ಹೇಳುವುದಿಲ್ಲ ಎಂದು ನಾಲಿಗೆ ಹಿಡಿಯುವುದೂ ತಡೆಯೇ. ತನ್ನ ಅನುಭವವನ್ನು ಪಕ್ಕಕ್ಕಿಟ್ಟು, ಯಾರೋ ಹೇಳಿದ ಎರಡು ವಾಕ್ಯದೊಳಗೇ ಉತ್ತರ ಹುಡುಕುವುದು ಮಾತ್ರ ಬೇರೆಯದೇ ಅಭ್ಯಾಸ. ಅದನ್ನು ಕಲಿಸುವ ಜಾಗ ಶಾಲೆ. ರಾಜಕೀಯ ಕಾರಣಕ್ಕೆ ಈ ಕೆಲಸ ಪುಸ್ತಕವಾಗಿ ಹೊರಬಂದದ್ದು 1974ರಲ್ಲಿ.

ಹಾಗಾದರೆ ಶಾಲೆ ಮೆದುಳನ್ನು ಬದಲಾಯಿಸುತ್ತದೆಯೇ?

ಬದಲಾಯಿಸುತ್ತದೆ. ಇದನ್ನು ಪರೀಕ್ಷಿಸಲು ಒಂದು ಜಾಣ ದಾರಿ ಇದೆ. ಶಾಲೆಗೆ ಸೇರಿಸುವ ವಯಸ್ಸಿಗೆ ಒಂದು ಕೊನೆಯ ದಿನಾಂಕ ಇರುತ್ತದಲ್ವಾ? ಅದರ ಸ್ವಲ್ಪ ಹಿಂದೆ ಹುಟ್ಟಿದವರು ಒಂದನೇ ತರಗತಿಗೆ ಹೋಗುತ್ತಾರೆ, ಸ್ವಲ್ಪ ಮುಂದೆ ಹುಟ್ಟಿದವರು ಇನ್ನೊಂದು ವರ್ಷ ಶಿಶುವಿಹಾರದಲ್ಲೇ ಉಳಿಯುತ್ತಾರೆ. ವಯಸ್ಸು ಹೆಚ್ಚು ಕಡಿಮೆ ಒಂದೇ, ವ್ಯತ್ಯಾಸ ಶಾಲೆಯದು ಮಾತ್ರ. ಜರ್ಮನಿಯಲ್ಲಿ ಇಂಥ ಮಕ್ಕಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋದವರು ಗಮನ ಹಿಡಿದು ತಪ್ಪು ಗುಂಡಿ ಒತ್ತದೆ ಇರುವ ಕೆಲಸದಲ್ಲಿ ಜಾಸ್ತಿ ಸುಧಾರಿಸಿದ್ದರು. ಆ ಹೊತ್ತಿನಲ್ಲಿ ಅವರ ಮೆದುಳಿನ ಚಟುವಟಿಕೆಯಲ್ಲೂ ವ್ಯತ್ಯಾಸ ಕಂಡಿತು. ಗಂಟೆ ಹೊಡೆದಾಗ ಏಳುವುದು, ಕೈ ಎತ್ತಿ ಮಾತಾಡುವುದು, ಕನ್ನಡ ಮುಚ್ಚಿ ಗಣಿತ ತೆಗೆಯುವುದು, ಇದನ್ನೇ ದಿನಾ ಐದಾರು ಗಂಟೆ ಮಾಡಿದರೆ ಮತ್ತೇನಾಗಬೇಕು?

ಶಾಲೆಗೆ ಮುಂಚೆಯೂ ಊರೂರಿಗೆ ವ್ಯತ್ಯಾಸ ಇದೆ. 2006ರ ಒಂದು ಹೋಲಿಕೆಯಲ್ಲಿ ಬೀಜಿಂಗಿನ ಮೂರೂವರೆ-ನಾಲ್ಕು ವರ್ಷದ ಮಕ್ಕಳು ಮೇಸ್ತ್ರಿ ಕೆಲಸದ ಪರೀಕ್ಷೆಗಳಲ್ಲಿ ಅಮೆರಿಕದ ಮಕ್ಕಳಿಗಿಂತ ಮುಂದಿದ್ದರು. ಆದರೆ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದರಲ್ಲಿ ಇಬ್ಬರೂ ಸಮ.

ಅಂದರೆ ಶಾಲೆಗೆ ಹೋಗದವರಿಗೆ ಈ ಶಕ್ತಿ ಕಡಿಮೆ ಎಂದಾಯಿತಲ್ಲ?

ಇಲ್ಲೇ ಎಲ್ಲರೂ ಎಡವುವುದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಳೆಯುವ ಕೋಲು ಯಾವುದು ಎಂದು ಮೊದಲು ನೋಡಬೇಕು. ಅಂಕಿಗಳನ್ನು ಹಿಂದುಮುಂದಾಗಿ ಹೇಳು. ಚಿತ್ರದ ಚೀಟಿಗಳನ್ನು ಬಣ್ಣದ ಪ್ರಕಾರ ಜೋಡಿಸು, ಈಗ ಆಕಾರದ ಪ್ರಕಾರ ಜೋಡಿಸು. ಯಾಕೆ ಎಂದು ಕೇಳಬಾರದು. ಗೊತ್ತಿಲ್ಲದ ದೊಡ್ಡವರೊಬ್ಬರು ಹೇಳಿದ, ಯಾವ ಉಪಯೋಗಕ್ಕೂ ಬಾರದ ನಿಯಮವನ್ನು ಶ್ರದ್ಧೆಯಿಂದ ಪಾಲಿಸುವುದು ಶಾಲೆಯ ಬದುಕು. ನಮೀಬಿಯಾ-ಅಂಗೋಲಾ ಗಡಿಯ ಕುನೆನೆ ಪ್ರದೇಶ, ಬೊಲಿವಿಯಾ ಮತ್ತು ಬ್ರಿಟನ್ನಿನ ಮಕ್ಕಳನ್ನು ಹೋಲಿಸಿ 2025ರಲ್ಲಿ ಬಂದ ಪ್ರಬಂಧದ ವಾದವೂ ಇದೇ. ಈ ಪರೀಕ್ಷೆಗಳು ಎಲ್ಲ ಮನುಷ್ಯರಲ್ಲೂ ಇರುವ ಶಕ್ತಿಯನ್ನಷ್ಟೇ ಅಳೆಯುವುದಿಲ್ಲ, ಶಾಲೆಯ ಲೋಕದಲ್ಲಿ ಬೆಳೆದ ಅಭ್ಯಾಸಗಳನ್ನೂ ಸೇರಿಸಿ ಅಳೆಯುತ್ತವೆ.

ಕೋಲು ಬದಲಾಯಿಸಿ ನೋಡಿ. 1985ರಲ್ಲಿ ಬ್ರೆಜಿಲ್ಲಿನ ರೆಸಿಫೆ ನಗರದ ಬೀದಿಯಲ್ಲಿ ಎಳನೀರು, ತರಕಾರಿ ಮಾರುವ ಮಕ್ಕಳ ಲೆಕ್ಕವನ್ನು ಸಂಶೋಧಕರು ಪರೀಕ್ಷಿಸಿದರು. ವ್ಯಾಪಾರದ ನಡುವೆ ಕೇಳಿದಾಗ ಶೇಕಡ 98 ಸರಿ. ಅದೇ ಲೆಕ್ಕವನ್ನು ಶಾಲೆಯ ಧಾಟಿಯಲ್ಲಿ, ಬರೀ ಅಂಕಿಗಳಾಗಿ ಕೊಟ್ಟಾಗ ಶೇಕಡ 37. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲೆ 2025ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ ಇದನ್ನೇ ಕಂಡಿತು. ಅಲ್ಲಿ ಇನ್ನೊಂದು ತಿರುವೂ ಇತ್ತು. ಶಾಲೆಯಲ್ಲಿ ಲೆಕ್ಕ ಮಾಡುವ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸಿದರು. ಎರಡೂ ಕಡೆ ಸೇತುವೆ ಇಲ್ಲ.

ನನಗೆ ಬಹಳ ಇಷ್ಟವಾದದ್ದು ನಮೀಬಿಯಾದ ಹಿಂಬಾ ದನಗಾಹಿಗಳ ಮೇಲೆ 2019ರಲ್ಲಿ ಬಂದ ಅಧ್ಯಯನ. ಪರದೆಯ ಮೇಲೆ ಮೊದಲು ಇದನ್ನು, ಆಮೇಲೆ ಅದನ್ನು ಮುಟ್ಟಿದರೆ ಕೊನೆಗೆ ತ್ರಿಕೋನ ಬರುತ್ತದೆ, ಅದನ್ನು ಮುಟ್ಟಿದರೆ ಗೆದ್ದಂತೆ. ಅಭ್ಯಾಸ ಆದ ಮೇಲೆ, ಹೇಳದೆ ಕೇಳದೆ, ತ್ರಿಕೋನವನ್ನು ಮೊದಲೇ ತೋರಿಸುತ್ತಾರೆ. ನೇರ ಮುಟ್ಟಿಬಿಡಬಹುದು. ಶಾಲೆ ಕಲಿತ ಪಾಶ್ಚಾತ್ಯರಲ್ಲಿ ಹೆಚ್ಚಿನವರು ಹಳೆಯ ಸುತ್ತುದಾರಿಯನ್ನೇ ಹಿಡಿದು ಕೂತರು. ಹಿಂಬಾಗಳು ಒಳದಾರಿಯನ್ನು ಅವರಿಗಿಂತ ಜಾಸ್ತಿ ಸಲ ಹಿಡಿದರು. ಬಬೂನ್ ಕೋತಿಗಳಂತೂ ಎಲ್ಲರಿಗಿಂತ ಮುಂದೆ! ಈಗ ಹೊರಳುವ ಶಕ್ತಿ ಯಾರಿಗೆ ಜಾಸ್ತಿ ಅನ್ನೋಣ?

ಇನ್ನೊಂದು ಸಣ್ಣ ವಿಷಯ. 'ಕೆಂಪು' ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದು 'ಶಾಯಿಯ ಬಣ್ಣ ಹೇಳಿ' ಎನ್ನುವ ಪರೀಕ್ಷೆ ಇದೆ. 1935ರಲ್ಲಿ ಸ್ಟ್ರೂಪ್ ಎಂಬವರು ಮಾಡಿದ್ದು. ನಾವು ತಡವರಿಸುತ್ತೇವೆ, ಯಾಕೆಂದರೆ ಓದದೆ ಇರಲು ನಮ್ಮಿಂದ ಆಗುವುದಿಲ್ಲ. ಅಕ್ಷರ ಬಾರದ ನಮ್ಮಜ್ಜಿ ಅದನ್ನು ಒಂದು ಕ್ಷಣದಲ್ಲಿ ಹೇಳಿ ಮುಗಿಸುತ್ತಿದ್ದರು. ಈ ತೊಡಕನ್ನು ಹುಟ್ಟಿಸಿದ್ದೇ ಓದು.

ಮಿಠಾಯಿ ಪರೀಕ್ಷೆಯಲ್ಲಿ ಕಾದ ಮಕ್ಕಳು ಜೀವನದಲ್ಲಿ ಮುಂದೆ ಬರುತ್ತಾರಂತೆ. ನಿಜವೇ?

ವಾಟ್ಸಾಪ್‌ನಲ್ಲಿ ಓಡಾಡುವಷ್ಟು ನಿಜವಲ್ಲ. 1960ರ ದಶಕದ ಕೊನೆಯಿಂದ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾಡಿದ ಪ್ರಯೋಗ ಇದು. ಮಾರ್ಷ್‌ಮ್ಯಾಲೋ ಎಂಬ ಮೆತ್ತನೆ ಮಿಠಾಯಿಯನ್ನೋ ಬಿಸ್ಕತ್ತನ್ನೋ ಮುಂದಿಟ್ಟು, ನಾನು ಬರುವವರೆಗೂ ತಿನ್ನದಿದ್ದರೆ ಎರಡು ಎಂದು ಹೇಳುವುದು. ಕಾದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿ ಮಾಡಿದರು ಎಂಬ ಸುದ್ದಿ ಜಗತ್ತೆಲ್ಲ ಸುತ್ತಿತು. ಆದರೆ ಅಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯದ ಜನರ ಮಕ್ಕಳು. 2018ರಲ್ಲಿ 900ಕ್ಕೂ ಹೆಚ್ಚು, ಬೇರೆ ಬೇರೆ ಹಿನ್ನೆಲೆಯ ಮಕ್ಕಳನ್ನು ತೆಗೆದುಕೊಂಡು ನೋಡಿದಾಗ ನಂಟು ಅರ್ಧಕ್ಕಿಳಿಯಿತು. ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಉಳಿದದ್ದು ಅತಿ ಸ್ವಲ್ಪ.

ಕಾಯುವುದು ಬರೀ ತಾಳ್ಮೆಯಲ್ಲ, ನಂಬಿಕೆಯೂ ಹೌದು. 2013ರ ಒಂದು ಪ್ರಯೋಗದಲ್ಲಿ ಮೊದಲು ಮಕ್ಕಳಿಗೆ ಒಳ್ಳೆಯ ಬಣ್ಣದ ಕಡ್ಡಿ ತಂದುಕೊಡುತ್ತೇವೆ ಎಂದು ಮಾತು ಕೊಟ್ಟರು. ಕೆಲವರಿಗೆ ತಂದುಕೊಟ್ಟರು. ಕೆಲವರಿಗೆ 'ಇಲ್ಲ ಪುಟ್ಟಾ, ಮುಗಿದುಹೋಗಿದೆ' ಅಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಗುಂಪಿನವರು 3 ನಿಮಿಷ. 'ನಾಳೆ ಕೊಡಿಸ್ತೀನಿ' ಎಂದು ಹೇಳಿ ಮರೆಯುವ ಮನೆಯಲ್ಲಿ ಇವತ್ತೇ ತಿಂದುಬಿಡುವ ಮಗು ಜಾಣ ಮಗು.

ಇನ್ನು ಸಂಸ್ಕೃತಿ. ಮಧ್ಯ ಆಫ್ರಿಕಾದ ಕ್ಯಾಮರೂನಿನ ನ್ಸೋ ಸಮುದಾಯದ ರೈತರ ನಾಲ್ಕು ವರ್ಷದ ಮಕ್ಕಳನ್ನು ಜರ್ಮನಿಯ ಮಧ್ಯಮ ವರ್ಗದ ಮಕ್ಕಳ ಜೊತೆ ಹೋಲಿಸಿದ ಅಧ್ಯಯನ 2018ರಲ್ಲಿ ಬಂತು. ನ್ಸೋ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿ ಕೊನೆಯವರೆಗೂ ಕಾದರು. ಜರ್ಮನ್ ಮಕ್ಕಳಲ್ಲಿ 30ಕ್ಕಿಂತ ಕಡಿಮೆ. ಜರ್ಮನ್ ಮಕ್ಕಳು ಓಡಾಡಿದರು, ಹಾಡಿದರು, ಬೆನ್ನು ತಿರುಗಿಸಿದರು. ನ್ಸೋ ಮಕ್ಕಳು ಹೆಚ್ಚು ಅಲ್ಲಾಡದೆ ಕೂತರು. ಕೆಲವರು ಕಾಯುತ್ತಾ ನಿದ್ದೆಯೇ ಹೋದರು! ದೊಡ್ಡವರು ಹೇಳಿದರೆ ಮುಗಿಯಿತು ಎನ್ನುವಲ್ಲಿ ಬೆಳೆದ ಮಕ್ಕಳು ಅವರು.

ಜಪಾನಿನ ಫಲಿತಾಂಶ ಇನ್ನೂ ಮಜಾ. ಅಲ್ಲಿ ಎಲ್ಲರ ತಟ್ಟೆಗೂ ಬಡಿಸಿದ ಮೇಲೆಯೇ ಊಟ ಶುರು. 2022ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಜಪಾನಿ ಮಕ್ಕಳು ತಿಂಡಿಗಾಗಿ ಜಾಸ್ತಿ ಹೊತ್ತು ಕಾದರು, ಪೊಟ್ಟಣ ಕಟ್ಟಿದ ಉಡುಗೊರೆಗೆ ಕಾಯಲಿಲ್ಲ. ಅಮೆರಿಕದ ಮಕ್ಕಳು ಉಡುಗೊರೆಗೆ ಕಾದರು, ತಿಂಡಿಗೆ ಕಾಯಲಿಲ್ಲ. ಕ್ರಿಸ್‌ಮಸ್ ದಿನದವರೆಗೂ ಪೊಟ್ಟಣ ಬಿಚ್ಚಬಾರದು ಎನ್ನುವ ಮನೆಗಳವರಲ್ವಾ? ನಮ್ಮಲ್ಲಿ ನೈವೇದ್ಯ ಆಗುವವರೆಗೂ ಕಡುಬು ಮುಟ್ಟದೆ ಕೂತ ಮಕ್ಕಳನ್ನು, ಮದುವೆ ಪಂಕ್ತಿಯಲ್ಲಿ ಅನ್ನ ಬರುವವರೆಗೂ ಎಲೆ ಮೇಲಿನ ಪಾಯಸ ನೋಡುತ್ತಾ ಕೂತವರನ್ನು ಪರೀಕ್ಷಿಸಿದರೆ ಏನು ಬರುತ್ತದೋ. ಪಾಯಸದ ವಿಷಯದಲ್ಲಿ ನಾನು ಫೇಲ್.

ಬಡತನ ಸಂಸ್ಕೃತಿಯಲ್ಲವಲ್ಲ. ಅದೂ ಇದರಲ್ಲಿ ಬರುತ್ತದೆಯೇ?

ಬರುತ್ತದೆ, ಮತ್ತು ಎಷ್ಟೋ ಸಲ ಬಡತನದ ಪರಿಣಾಮವನ್ನೇ ಜನ 'ಅವರ ಸಂಸ್ಕೃತಿ ಹಾಗೆ' ಎಂದು ತಪ್ಪಾಗಿ ಓದುತ್ತಾರೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲಿನ ಅಧ್ಯಯನ 2013ರಲ್ಲಿ ಬಂತು. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುವುದು ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಕಟಾವಿಗೆ ಮುಂಚೆ ಕೈ ಖಾಲಿ, ಸಾಲ, ಗಿರವಿ. ಆಗ ಗಮನ ಮತ್ತು ತರ್ಕದ ಪರೀಕ್ಷೆಗಳಲ್ಲಿ ಅದೇ ರೈತರು ತೆಗೆದ ಅಂಕ, ಕಟಾವಾಗಿ ದುಡ್ಡು ಬಂದ ಮೇಲೆ ತೆಗೆದದ್ದಕ್ಕಿಂತ ಕಡಿಮೆ. ಸಾಲದ ಚಿಂತೆ ಮೇಸ್ತ್ರಿಯನ್ನು ಆಗಲೇ ಬೇರೆ ಕೆಲಸಕ್ಕೆ ಹಚ್ಚಿರುತ್ತದೆ. ಅಮೆರಿಕದಲ್ಲಿ ಸಂಬಳದ ದಿನದ ಹಿಂದೆ-ಮುಂದೆ ನೋಡಿದ ಇನ್ನೊಂದು ಅಧ್ಯಯನದಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ವಾದ ಮುಗಿದಿಲ್ಲ. ವಾರದ ಸಂಬಳಕ್ಕೂ ವರ್ಷದ ಬೆಳೆಗೂ ಇರುವ ಅಂತರ ಸಣ್ಣದಲ್ಲ ಎಂಬುದು ನನ್ನ ಅನಿಸಿಕೆ.

ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇದರಿಂದ ಮಗುವಿಗೆ ಲಾಭವೋ ಗೊಂದಲವೋ?

ಗೊಂದಲ ಆಗುವುದಿಲ್ಲ. ಲಾಭದ ಬಗ್ಗೆ ಒಮ್ಮೆ ಬಹಳ ಉತ್ಸಾಹ ಇತ್ತು. ಎರಡು ಭಾಷೆ ಆಡುವವರು ಸದಾ ಒಂದನ್ನು ತಡೆಹಿಡಿಯುತ್ತಿರುವುದರಿಂದ ತಡೆಯ ಶಕ್ತಿ ಬೆಳೆಯುತ್ತದೆ ಎಂಬ ವಾದ. 2019ರಲ್ಲಿ ಅಮೆರಿಕದ ನಾಲ್ಕೂವರೆ ಸಾವಿರ ಮಕ್ಕಳನ್ನು ನೋಡಿದಾಗ ಅಂಥ ಲಾಭ ಕಾಣಲಿಲ್ಲ.

ವಯಸ್ಸಾದವರ ವಿಷಯ ಬೇರೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ 648 ಮರೆವಿನ ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ರೋಗದ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಂಡಿತ್ತು. ಓದು ಬರಹ ಬಾರದವರಲ್ಲೂ ಹಾಗೇ. ಇದು ಮುಖ್ಯ, ಯಾಕೆಂದರೆ ಲಾಭ ಶಾಲೆಯಿಂದಲೇ ಬಂತು ಎಂದು ಹೇಳಲು ಆಗುವುದಿಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದರಿಂದ ನೆನಪಿನ ಶಕ್ತಿ ಬದಲಾಗುತ್ತದೆಯೇ?

ಕನ್ನಡದ ಮೇಲೆ ಅಲ್ಲ, ಕನ್ನಡದ ಹಾಗೇ ಕ್ರಿಯಾಪದವನ್ನು ಕೊನೆಗಿಡುವ ಜಪಾನಿ, ಕೊರಿಯನ್ ಮತ್ತು ಹಾಗಲ್ಲದ ಭಾಷೆಗಳೂ ಸೇರಿ ಎಂಟು ಭಾಷೆಗಳ ಮೇಲೆ 2019ರಲ್ಲಿ ಒಂದು ಅಧ್ಯಯನ ಬಂತು. ಇಂಥ ಭಾಷೆಯವರಿಗೆ ಪಟ್ಟಿಯ ಮೊದಲಲ್ಲಿ ಬಂದದ್ದು ಚೆನ್ನಾಗಿ ನೆನಪಿರುತ್ತದೆ ಎಂದಿತು. ಇರಬಹುದು. ಒಂದೇ ಅಧ್ಯಯನ ನಂಬಿ ಕುಣಿಯುವುದು ಬೇಡ.

ಅಬ್ಯಾಕಸ್ ಕ್ಲಾಸಿಗೆ ಸೇರಿಸಲೇ? ಬ್ರೈನ್ ಗೇಮ್ ಆ್ಯಪ್?

ಅಬ್ಯಾಕಸ್ ಬಗ್ಗೆ ನಮ್ಮ ದೇಶದ್ದೇ ಒಳ್ಳೆಯ ಪ್ರಯೋಗ ಇದೆ. ಗುಜರಾತಿನ ವಡೋದರಾದಲ್ಲಿ 204 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮೂರು ವರ್ಷ ಅಬ್ಯಾಕಸ್, ಇನ್ನೊಂದಕ್ಕೆ ಮಾಮೂಲು ಗಣಿತವನ್ನೇ ಜಾಸ್ತಿ ಕಲಿಸಿದರು. ಫಲಿತಾಂಶ 2016ರಲ್ಲಿ ಬಂತು. ಅಬ್ಯಾಕಸ್ ಮಕ್ಕಳು ಲೆಕ್ಕದಲ್ಲಿ ಮುಂದಾದರು. ಅವರ ಕೆಲಸದ ನೆನಪು, ಗಮನ ಬೇರೆಯವರಿಗಿಂತ ಬೆಳೆಯಲಿಲ್ಲ. ಲೆಕ್ಕ ಬೇಕಾದರೆ ಸೇರಿಸಿ. 'ಮೆದುಳಿನ ಎರಡೂ ಭಾಗ ಚುರುಕಾಗುತ್ತದೆ' ಎಂಬ ಪಾಂಪ್ಲೆಟ್ ನೋಡಿ ದುಡ್ಡು ಕಟ್ಟಬೇಡಿ.

ಆ್ಯಪ್‌ಗಳದ್ದೂ ಇದೇ ಕತೆ. 11,430 ಜನ ಆರು ವಾರ ಆಡಿದ ಪ್ರಯೋಗ 2010ರಲ್ಲಿ ಬಂತು. ಆಡಿದ ಆಟದಲ್ಲಿ ಚೆನ್ನಾದರು, ಬೇರೆಲ್ಲೂ ಅಲ್ಲ.

ಹಾಗಾದರೆ ಮಗ್ಗಿ, ಸಂಗೀತ, ಬಾಯಿಪಾಠ ಇವೆಲ್ಲ ದಂಡವೇ?

ಖಂಡಿತ ಅಲ್ಲ. ಅವು ಆ ಕಲೆಗೆ ಬೇಕಾದ ಮೇಸ್ತ್ರಿಯನ್ನು ಬೆಳೆಸುತ್ತವೆ. ಸಂಗೀತ ಕಲಿಯುವ ಮಗು ಕೈಯಲ್ಲಿ ಆದಿತಾಳ ಹಾಕುತ್ತಾ ಸರಳೆ ವರಸೆಯನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲದಲ್ಲಿ ಹಾಡುವುದನ್ನು ನೋಡಿ. ಬಾಯಿ ಓಡಬೇಕು, ಕೈ ಓಡಬಾರದು. ಮೊದಲ ಆರು ತಿಂಗಳು ಎರಡೂ ಒಟ್ಟಿಗೆ ಓಡುತ್ತವೆ. ಆಮೇಲೆ ಒಂದು ದಿನ ಕೈ ನಿಲ್ಲುತ್ತದೆ. ಆ ದಿನ ಗುರುಗಳ ಮುಖ ನೋಡಬೇಕು!

ಇದರ ಶಿಖರ ನೋಡಬೇಕಾದರೆ ಅಷ್ಟಾವಧಾನಕ್ಕೆ ಹೋಗಿ. ಕನ್ನಡದಲ್ಲಿ ಶತಾವಧಾನಿ ಆರ್. ಗಣೇಶ್ ಅವರಿಂದ ಇದು ಮನೆಮಾತಾಗಿದೆ. ಪ್ರಶ್ನೆ ಹಾಕುವ ಎಂಟು ಜನ ಪೃಚ್ಛಕರು, ಅವರಿಗೆಲ್ಲ ಉತ್ತರಿಸಬೇಕಾದ, ಕೈಯಲ್ಲಿ ಪೆನ್ನು ಕಾಗದ ಇಲ್ಲದ ಒಬ್ಬ ಅವಧಾನಿ. ನಿಷೇಧಾಕ್ಷರಿಯವರು ಪ್ರತಿ ಹೆಜ್ಜೆಗೂ ಮುಂದೆ ಬರಬಹುದಾದ ಅಕ್ಷರವನ್ನೇ 'ಬಳಸಬೇಡಿ' ಅನ್ನುತ್ತಾರೆ. ತಡೆ ಅಂದರೆ ಇದು. ಸಮಸ್ಯೆ (ಕೊಟ್ಟ ಸಾಲಿಗೆ ಪದ್ಯ ತುಂಬುವುದು), ದತ್ತಪದಿ (ಕೊಟ್ಟ ಪದಗಳನ್ನು ಪದ್ಯದಲ್ಲಿ ತರುವುದು) ಇವುಗಳ ಪದ್ಯಗಳನ್ನು ಸುತ್ತಿಗೊಂದು ಸಾಲಿನಂತೆ ಕಟ್ಟಿ, ನಡುವೆ ಬಿಟ್ಟು, ಮತ್ತೆ ಅದೇ ಜಾಗಕ್ಕೆ ಬರಬೇಕು. ಅಂಕಿಗಳ ಚೌಕ ಕಟ್ಟಿಸುವ ಸಂಖ್ಯಾಬಂಧದವರು ಯಾವಾಗ ಬೇಕಾದರೂ ಅದರ ಒಂದು ಮನೆಯ ಅಂಕಿ ಕೇಳುತ್ತಾರೆ. ಇಷ್ಟರ ಮೇಲೆ ಅಪ್ರಸ್ತುತ ಪ್ರಸಂಗದವರು ಬೇಕೆಂದೇ ತಲೆಹರಟೆ ಪ್ರಶ್ನೆ ಹಾಕಿ ಲಕ್ಷ್ಯ ತಪ್ಪಿಸುತ್ತಾರೆ. ಅವರಿಗೂ ನಗಿಸುವ ಉತ್ತರ ಕೊಡಬೇಕು. ಯಾವ ಪ್ರಯೋಗಾಲಯವೂ ಇಷ್ಟು ಕ್ರೂರ ಪರೀಕ್ಷೆ ಮಾಡಿಲ್ಲ. ಇದು ನೂರಾರು ವರ್ಷಗಳ ಛಂದಸ್ಸು, ಪದಸಂಪತ್ತು, ಸಭೆಯ ಸಂಪ್ರದಾಯ ಸೇರಿ ಒಬ್ಬರ ತಲೆಯಲ್ಲಿ ಕಟ್ಟಿದ ಮೇಸ್ತ್ರಿ. ಛಂದಸ್ಸು ತೆಗೆದರೆ ಆ ನೆನಪೂ ನಿಲ್ಲುವುದಿಲ್ಲ.

ನಮ್ಮ ಮಗು ಕ್ಲಾಸಿನಲ್ಲಿ ಸುಮ್ನೆ ಕೂರುವುದಿಲ್ಲ. ಎಡಿಎಚ್‌ಡಿ ಇರಬಹುದೇ?

ಇರಬಹುದು, ಇಲ್ಲದೆಯೂ ಇರಬಹುದು. ಎಡಿಎಚ್‌ಡಿ ಅಂದರೆ ಗಮನ ನಿಲ್ಲದಿರುವ, ಅತಿ ಚಡಪಡಿಕೆಯ ತೊಂದರೆ. ಅದು ನಿಜವಾದದ್ದು. ಸಂಸ್ಕೃತಿ, ಸೋಮಾರಿತನ, ಮುದ್ದು ಮಾಡಿದ್ದು ಎಂದು ತಳ್ಳಿಹಾಕಬೇಡಿ. ಶಾಲೆ, ಮನೆ, ಆಟದ ಬಯಲು ಎಲ್ಲ ಕಡೆಯೂ ತೊಂದರೆ ಕಂಡರೆ ಮಕ್ಕಳ ತಜ್ಞರಿಗೆ ತೋರಿಸಿ. ಅಂತರ್ಜಾಲದ ಹತ್ತು ಪ್ರಶ್ನೆಗಳಿಂದ ಅದನ್ನು ತೀರ್ಮಾನಿಸಲು ಆಗುವುದಿಲ್ಲ, ಈ ಪುಟದಿಂದಲೂ ಆಗುವುದಿಲ್ಲ.

ಮನೆಯಲ್ಲಿ ನಾವು ಏನು ಮಾಡಬಹುದು?

ನಿಜವಾದ ಕೆಲಸ ಕೊಡಿ. ಗ್ವಾಟೆಮಾಲಾದ ಮಾಯಾ ಸಮುದಾಯದಲ್ಲಿ ಮನೋವಿಜ್ಞಾನಿ ಬಾರ್ಬರಾ ರೊಗೊಫ್ ಮತ್ತು ಸಂಗಡಿಗರು ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅಲ್ಲಿ ಮಕ್ಕಳು ದೊಡ್ಡವರ ಕೆಲಸದ ಪಕ್ಕದಲ್ಲೇ ಇದ್ದು, ನೋಡಿ, ಕೈಹಾಕಿ ಕಲಿಯುತ್ತಾರೆ. ಒಂದು ಪ್ರಯೋಗದಲ್ಲಿ ಅಣ್ಣನಿಗೋ ತಂಗಿಗೋ ಆಟಿಕೆ ಮಾಡುವುದನ್ನು ಹೇಳಿಕೊಡುವಾಗ ಪಕ್ಕದಲ್ಲಿ ಕೂತ ಮಗುವನ್ನು ಗಮನಿಸಿದರು. ಅದಕ್ಕೆ ಯಾರೂ ಹೇಳಿಕೊಡುತ್ತಿರಲಿಲ್ಲ. ಶಾಲೆಯ ರೂಢಿ ಕಡಿಮೆ ಇದ್ದ ಮನೆಗಳ ಮಾಯಾ ಮಕ್ಕಳು ಕಣ್ಣು ತೆಗೆಯದೆ ನೋಡಿದರು. ವಾರದ ಮೇಲೆ ಅದೇ ಆಟಿಕೆ ಮಾಡಲು ಕೊಟ್ಟಾಗ ಅವರಿಗೆ ಕಡಿಮೆ ಸಹಾಯ ಸಾಕಾಯಿತು. ತಮ್ಮ ಸರದಿ ಅಲ್ಲದಿದ್ದರೂ ನೋಡಬೇಕು ಎಂಬುದು ಅವರು ಮನೆಯಲ್ಲಿ ಕಲಿತ ಗಮನ.

ನಮ್ಮಲ್ಲೂ ಇದು ಹೊಸದಲ್ಲ. ಈಗ 'ನೀನು ಓದ್ಕೋ, ಇದೆಲ್ಲ ನಾನು ಮಾಡ್ತೀನಿ' ಎಂದು ಕಳಿಸುತ್ತೇವೆ. ಎಂಟು ವರ್ಷದ ಮಗು ದೋಸೆ ಹುಯ್ಯಲಿ. ಮೊದಲನೆಯದು ಕಾವಲಿಗೆ ಹಿಡಿಯುತ್ತದೆ, ಪರವಾಗಿಲ್ಲ. ಯಾವಾಗ ಮಗುಚಬೇಕು ಎಂದು ಕಾಯುವುದು, ಚಟ್ನಿ ರುಬ್ಬುತ್ತಿದ್ದರೂ ಕಾವಲಿಯ ಕಡೆ ಒಂದು ಕಣ್ಣು ಇಡುವುದು ತನ್ನಷ್ಟಕ್ಕೇ ಬರುತ್ತದೆ. ಚೌಕಾಬಾರ, ಅಳಗುಳಿಮಣೆ ಆಡಿ. ಅಳಗುಳಿಮಣೆಯಲ್ಲಿ ಕಾಯಿ ಎಲ್ಲಿಗೆ ಮುಗಿಯುತ್ತದೆ ಎಂದು ಮುಟ್ಟದೆ ಲೆಕ್ಕ ಹಾಕುವ ಮಗುವಿನ ಮುಖ ನೋಡುವುದೇ ಚೆಂದ. ಮತ್ತು ಕೊಟ್ಟ ಮಾತು ಉಳಿಸಿಕೊಳ್ಳಿ. ಬಣ್ಣದ ಕಡ್ಡಿಯ ಕತೆ ಮೇಲೆ ಹೇಳಿದೆನಲ್ಲ.

ನನಗೀಗ 45. ತಡವಾಯಿತೇ?

ತಲೆಯ ಬಲವನ್ನೇ ನಂಬಿಕೊಂಡು ಕೂರಬೇಡಿ. ಸೆರಗಿನ ಗಂಟಿನ ದಾರಿ ಹಿಡಿಯಿರಿ. ಬಾಗಿಲ ಹಿಂದೆ ಚೀಟಿ, ಫೋನಿನಲ್ಲಿ ಅಲಾರಂ, ಬೀಗದ ಕೈಗೆ ಒಂದೇ ಮೊಳೆ. ನಮ್ಮಜ್ಜಿ ಎಂಬತ್ತು ದಾಟಿದ ಮೇಲೂ ಹಾಲಿನವನ ಜೊತೆ ಲೆಕ್ಕದಲ್ಲಿ ಸೋಲಲಿಲ್ಲ. ಗೋಡೆಗೆ ಸುಣ್ಣ ಹೊಡೆಸಿದ ತಿಂಗಳು ಮಾತ್ರ ಮನೆಯಲ್ಲಿ ದೊಡ್ಡ ಜಗಳ ಆಯಿತು.

ಕೆರೆ-ದಡ ಆಡಲು ಎಷ್ಟು ಜನ ಬೇಕು?

ಮೂವರಿದ್ದರೂ ಆಗುತ್ತದೆ. ಸೀಮೆಸುಣ್ಣ ಇಲ್ಲದಿದ್ದರೆ ಇದ್ದಿಲಲ್ಲಿ ಗೆರೆ ಎಳೆಯಿರಿ. ಆಡಿಸುವವರು ಮಾತ್ರ ಸ್ವಲ್ಪ ಮೋಸಗಾರರಾಗಿರಬೇಕು.